ಸಿ ವಲಯದ ಶಾಲೆಯನ್ನು ನಾನು ಕೇಳಿ ಪಡೆದೆ: ಹಳ್ಳಿಶಾಲೆಯ ಶಿಕ್ಷಕಿಯಾಗುವವರೆಗಿನ ದಾರಿ

2024ರ ಏಪ್ರಿಲ್ 10ಕ್ಕೆ ಶಾಲೆಯ ವರ್ಷ ಮುಗಿಯಿತು. ಯಾದಗಿರಿ ಜಿಲ್ಲೆಯಲ್ಲಿ, ತೆಲಂಗಾಣದ ಗಡಿಗೆ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನದ ಪದವೀಧರ ಶಿಕ್ಷಕಿಯಾಗಿ ನಾನು ಸೇರಿ ಐದು ತಿಂಗಳಾಗಿವೆ. ಮೊದಲ ಸಂಬಳ ಕೈಗೆ ಬಂದದ್ದು ಮಾರ್ಚ್‌ನಲ್ಲಿ. ಅದಕ್ಕಾಗಿ ಅರ್ಜಿ ಹಾಕಿದ್ದು 2022ರ ಮಾರ್ಚ್‌ನಲ್ಲಿ. ಈ ಎರಡು ವರ್ಷಗಳಲ್ಲಿ ನಾನು ಅಲೆದ ಕಚೇರಿಗಳು, ಕಾದ ದಿನಗಳು, ಕಟ್ಟಿದ ಹಣ ಇವೆಲ್ಲವನ್ನೂ ಮರೆಯುವ ಮುನ್ನ ಬರೆದಿಡಬೇಕೆನಿಸಿತು. ನಾನು ಓದಿದ ಬಿ.ಇಡಿ ಕಾಲೇಜಿನ ತಂಗಿ ತಮ್ಮಂದಿರು ವಾರಕ್ಕೆ ಇಬ್ಬರು ಮೂವರಾದರೂ ಫೋನ್ ಮಾಡುತ್ತಾರೆ. ಅವರೆಲ್ಲ ಮೊದಲು ಕೇಳುವುದು ದಾಖಲೆಗಳ ಬಗ್ಗೆ. ಮಾತು ಮುಗಿಯುವ ಹೊತ್ತಿಗೆ, ಸ್ವಲ್ಪ ಹಿಂಜರಿಯುತ್ತ, ಇನ್ನೊಂದು ಪ್ರಶ್ನೆ ಬರುತ್ತದೆ: ‘ಅಕ್ಕಾ, ರ‍್ಯಾಂಕ್ ಚಲೋ ಇತ್ತಲ್ಲ, ಆ ಊರು ಯಾಕ ತಗೊಂಡ್ರಿ?’

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರ ಉತ್ತರ ಗೊತ್ತಿಲ್ಲದಿದ್ದರೆ ದಾಖಲೆಗಳ ಓಡಾಟವನ್ನು ಕೊನೆಯವರೆಗೆ ತಾಳುವುದು ಕಷ್ಟ.

ನಾನು ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯವಳು. ಆರನೆಯ ಮತ್ತು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಗಣಿತಕ್ಕೆ ಶಿಕ್ಷಕರೇ ಇರಲಿಲ್ಲ. ಕನ್ನಡದ ಸರ್ ಬಿಡುವಾದಾಗ ಬಂದು ಮಗ್ಗಿ ಕೇಳುತ್ತಿದ್ದರು, ಭಿನ್ನರಾಶಿಯ ಎರಡು ಲೆಕ್ಕ ಮಾಡಿಸುತ್ತಿದ್ದರು. ಅವರಿಗೆ ನಾಲ್ಕು ತರಗತಿಗಳ ಹೊಣೆಯಿತ್ತು, ಅದಕ್ಕಿಂತ ಹೆಚ್ಚಿನದನ್ನು ಅವರಿಂದ ಕೇಳುವಂತಿರಲಿಲ್ಲ. ಎಂಟನೆಯ ತರಗತಿಗೆ ಐದು ಕಿಲೋಮೀಟರ್ ದೂರದ ಪ್ರೌಢಶಾಲೆಗೆ ಹೋದಾಗ ಮೊದಲ ವಾರವೇ ಬೀಜಗಣಿತ ಆರಂಭವಾಯಿತು. ಬೋರ್ಡಿನ ಮೇಲೆ ಎಕ್ಸ್ ಎಂಬ ಅಕ್ಷರವನ್ನು ಬರೆದು ‘ಇದರ ಬೆಲೆ ಎಷ್ಟು?’ ಎಂದು ಸರ್ ಕೇಳಿದರು. ನಾಲ್ಕು ಊರುಗಳಿಂದ ಬಂದಿದ್ದ ಮಕ್ಕಳಲ್ಲಿ ಗಣಿತ ಶಿಕ್ಷಕರಿದ್ದ ಊರಿನವರು ಕೈ ಎತ್ತಿದರು. ನಮ್ಮ ಊರಿನವರು ಒಬ್ಬರ ಮುಖ ಒಬ್ಬರು ನೋಡಿದೆವು. ಏಳನೆಯ ತರಗತಿಯಲ್ಲಿ ನನ್ನ ಜೊತೆಗಿದ್ದ ಹನ್ನೊಂದು ಹುಡುಗಿಯರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತವರು ನಾಲ್ವರು. ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು ಆರನೆಯ ತರಗತಿಯ ದೀಪಾವಳಿಯ ನಂತರ ಅಪ್ಪ ಅವ್ವನ ಜೊತೆ ಮುಂಬೈಗೆ ಗುಳೆ ಹೋದಳು, ಯುಗಾದಿಗೆ ಮರಳಿ ಬಂದಳು, ಶಾಲೆಗೆ ಮಾತ್ರ ಬರಲಿಲ್ಲ. ಅವಳು ಗಣಿತದಲ್ಲಿ ನನಗಿಂತ ಚುರುಕಾಗಿದ್ದಳು ಎಂಬುದನ್ನು ನಾನು ಈಗಲೂ ಮರೆತಿಲ್ಲ.

ಶಿಕ್ಷಕಿಯಾಗಬೇಕೆಂಬ ಆಸೆ ಅಲ್ಲಿ ಹುಟ್ಟಿತು. ಆದರೆ ಅದೊಂದೇ ಕಾರಣ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಪ್ಪ ಪಾಲಿಗೆ ಹೊಲ ಮಾಡುತ್ತಾರೆ; ತಮ್ಮ ಇನ್ನೂ ಓದುತ್ತಿದ್ದಾನೆ. ತಿಂಗಳಿಗೊಮ್ಮೆ ತಪ್ಪದೆ ಬರುವ ಸಂಬಳ ನಮ್ಮ ಮನೆಗೆ ಅದುವರೆಗೆ ಬಂದೇ ಇರಲಿಲ್ಲ. ಸರ್ಕಾರಿ ನೌಕರಿ ಬೇಕೆಂಬುದೂ ಬಡ ಮಕ್ಕಳಿಗೆ ಕಲಿಸಬೇಕೆಂಬುದೂ ಒಂದೇ ಮನಸ್ಸಿನಲ್ಲಿ ಇರಬಹುದು. ಒಂದನ್ನು ಮುಂದೆ ಮಾಡಿ ಇನ್ನೊಂದನ್ನು ಬಚ್ಚಿಡುವ ಅಗತ್ಯವಿಲ್ಲ. ದೂರದ ಊರಿನ ಶಾಲೆಯಲ್ಲಿ ಶಿಕ್ಷಕರು ವರ್ಷಗಟ್ಟಲೆ ನಿಲ್ಲಬೇಕಾದರೆ ಅವರ ಮನೆಯ ಒಲೆಯೂ ಉರಿಯಬೇಕಲ್ಲವೇ?

ನಾನು ಬಿ.ಎಸ್ಸಿ ಮುಗಿಸಿ ಎರಡು ವರ್ಷದ ಬಿ.ಇಡಿ ಮಾಡಿದೆ. 2021ರ ಆಗಸ್ಟ್ 22ರಂದು ನಡೆದ ಟಿಇಟಿಯ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ, ಎರಡನೆಯ ಪತ್ರಿಕೆಯನ್ನು ಬರೆದೆ. ಆರರಿಂದ ಎಂಟನೆಯ ತರಗತಿಗೆ ಕಲಿಸುವವರಿಗೆ ಇದೇ ಪತ್ರಿಕೆ. 150 ಅಂಕಗಳಿಗೆ ಕನಿಷ್ಠ 90 ಬೇಕಿತ್ತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇ. 55 ಸಾಕಾಗಿತ್ತು. ಟಿಇಟಿ ಪ್ರಮಾಣ ಪತ್ರಕ್ಕೆ ಈಗ ಜೀವಮಾನದ ಮಾನ್ಯತೆಯಿದೆ ಎಂಬುದು ಸಮಾಧಾನದ ಸಂಗತಿ. ಆದರೆ ಅರ್ಹತೆ ಸಿಕ್ಕಿತೆಂದು ಅಲ್ಲಿಗೇ ಬಿಡಬೇಡಿ. ಅಂತಿಮ ಆಯ್ಕೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಅಂಕಗಳ ಜೊತೆಗೆ ಟಿಇಟಿ, ಪದವಿ ಮತ್ತು ಬಿ.ಇಡಿ ಅಂಕಗಳೂ ಲೆಕ್ಕಕ್ಕೆ ಬರುತ್ತವೆ. ನನ್ನ ಸಹಪಾಠಿಯೊಬ್ಬ ಟಿಇಟಿಯನ್ನು ಅಂಚಿನಲ್ಲಿ ದಾಟಿ ಸುಮ್ಮನಾದ, ಮುಂದೆ ಒಂದು ಅಂಕಕ್ಕಿಂತ ಕಡಿಮೆ ಅಂತರದಲ್ಲಿ ಪಟ್ಟಿಯಿಂದ ಹೊರಗುಳಿದ.

2022ರ ಮಾರ್ಚ್‌ನಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅಧಿಸೂಚನೆ ಹೊರಟಿತು. ಅದರಲ್ಲಿ 5,000 ಹುದ್ದೆಗಳು ಕಲ್ಯಾಣ ಕರ್ನಾಟಕಕ್ಕೆ ಮೀಸಲಾಗಿದ್ದವು. ಅರ್ಜಿಯಲ್ಲಿ ಜಿಲ್ಲೆಯನ್ನು ಆರಿಸುವಾಗ ನಾನು ಯಾದಗಿರಿ ಎಂದು ಬರೆದೆ. ಅಪ್ಪ ಒಂದು ದಿನ ಮಾತನಾಡಲಿಲ್ಲ. ಮರುದಿನ ‘ನಮ್ಮ ಜಿಲ್ಲಾದಾಗ ಸಾಲಿ ಇಲ್ಲೇನವ್ವ?’ ಎಂದಷ್ಟೇ ಕೇಳಿದರು. ಖಾಲಿ ಹುದ್ದೆ ಹೆಚ್ಚಿರುವಲ್ಲಿ ಅವಕಾಶವೂ ಹೆಚ್ಚು ಎಂಬ ಲೆಕ್ಕಾಚಾರ ನನ್ನದಾಗಿತ್ತು. ಶಿಕ್ಷಕರು ಇಲ್ಲದ ಕಡೆಗೇ ಹೋಗಬೇಕೆಂಬ ಹಟವೂ ಅದರಲ್ಲಿತ್ತು. ಎರಡನ್ನೂ ಅಪ್ಪನಿಗೆ ಬಿಡಿಸಿ ಹೇಳಿದೆ.

ಪರೀಕ್ಷೆ ಮೇ 21 ಮತ್ತು 22ರಂದು ನಡೆಯಿತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಓದುವ ವಿಧಾನ ಒಬ್ಬೊಬ್ಬರದು ಒಂದೊಂದು. ಒಂದು ಮಾತು ಮಾತ್ರ: ವಿಷಯ ಪತ್ರಿಕೆಯಲ್ಲಿ ವಿವರಣಾತ್ಮಕ ಉತ್ತರಗಳನ್ನೂ ಬರೆಯಬೇಕಾಗುತ್ತದೆ. ಬಹು ಆಯ್ಕೆಯ ಪ್ರಶ್ನೆಗಳನ್ನು ಮೊಬೈಲಿನಲ್ಲಿ ಒತ್ತಿ ಒತ್ತಿ ರೂಢಿಯಾದ ಕೈಗೆ ಪುಟಗಟ್ಟಲೆ ಬರೆಯುವುದು ಬಹಳ ಕಷ್ಟ. ಪರೀಕ್ಷೆಗೆ ಎರಡು ತಿಂಗಳು ಮೊದಲಿನಿಂದಲೇ ದಿನಕ್ಕೊಂದು ಉತ್ತರವನ್ನು ಹಾಳೆಯ ಮೇಲೆ ಕೈಯಾರೆ ಬರೆಯಿರಿ.

ನಿಜವಾದ ಪರೀಕ್ಷೆ ಆರಂಭವಾದದ್ದು ದಾಖಲೆಗಳಿಂದ. ನನಗೆ ಬೇಕಾಗಿದ್ದವು ಇವು: ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಅರ್ಹತಾ ಪ್ರಮಾಣ ಪತ್ರ, ಹಿಂದುಳಿದ ವರ್ಗದ 2ಎ ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ ಪ್ರಮಾಣ ಪತ್ರ, ಕನ್ನಡ ಮಾಧ್ಯಮದ ಪ್ರಮಾಣ ಪತ್ರ, ಮತ್ತು ಎಲ್ಲ ಅಂಕಪಟ್ಟಿಗಳು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ 371(ಜೆ) ಪ್ರಮಾಣ ಪತ್ರ ಸಹಾಯಕ ಆಯುಕ್ತರ ಸಹಿಯಾಗಿ ಬರಲು ಒಂದು ತಿಂಗಳಿಗೆ ಎರಡು ದಿನ ಕಡಿಮೆ ಹಿಡಿಯಿತು. ಅಧಿಸೂಚನೆ ಬಂದ ಮೇಲೆ ಓಡಿದವಳು ನಾನು. ನೀವು ಹಾಗೆ ಮಾಡಬೇಡಿ. ಮೀಸಲಾತಿಯ ಪ್ರಮಾಣ ಪತ್ರಗಳು ಅರ್ಜಿ ಸಲ್ಲಿಸುವ ಕೊನೆಯ ದಿನಾಂಕಕ್ಕೆ ಮುಂಚೆಯೇ ಪಡೆದಿರಬೇಕು ಎಂಬ ಷರತ್ತು ಇರುತ್ತದೆ. ಕೊನೆಯ ದಿನಾಂಕದ ಮರುದಿನ ಸಹಿಯಾದ ಪ್ರಮಾಣ ಪತ್ರವನ್ನು ಹಿಡಿದು ಪರಿಶೀಲನೆಯ ದಿನ ಅಳುತ್ತ ನಿಂತವರನ್ನು ನಾನು ಕಂಡಿದ್ದೇನೆ. ಆದಾಯ ಪ್ರಮಾಣ ಪತ್ರಕ್ಕೆ ಐದು ವರ್ಷದ ಅವಧಿಯಿರುವುದರಿಂದ ಹಳೆಯದು ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದನ್ನು ಇಂದೇ ತೆಗೆದು ನೋಡಿ.

ಗ್ರಾಮೀಣ ಪ್ರಮಾಣ ಪತ್ರ ನನ್ನನ್ನು ಹೆಚ್ಚು ಅಲೆಸಿತು. ಶಾಲೆಯ ಮುಖ್ಯೋಪಾಧ್ಯಾಯರು ಬರೆದು ಕೊಟ್ಟದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಮೇಲುಸಹಿ ಬೇಕು. ನನ್ನ ಪ್ರಾಥಮಿಕ ಶಾಲೆ ಒಂದು ತಾಲ್ಲೂಕಿನಲ್ಲಿ, ಪ್ರೌಢಶಾಲೆ ಇನ್ನೊಂದು ತಾಲ್ಲೂಕಿನಲ್ಲಿ. ಎರಡು ಶಾಲೆ, ಎರಡು ಬಿಇಒ ಕಚೇರಿ. ಪ್ರಾಥಮಿಕ ಶಾಲೆಯಲ್ಲಿ ನನ್ನ ದಾಖಲಾತಿ ಪುಸ್ತಕವನ್ನು ಹುಡುಕಲು ಮುಖ್ಯೋಪಾಧ್ಯಾಯರೂ ನಾನೂ ಕಬ್ಬಿಣದ ಬೀರುವಿನ ಮುಂದೆ ಅರ್ಧ ದಿನ ಕುಳಿತೆವು. ಗೆದ್ದಲು ತಿಂದ ಅಂಚುಗಳ ನಡುವೆ ನನ್ನ ಹೆಸರು ಸಿಕ್ಕಿತು. ಅದರ ಎರಡು ಸಾಲು ಕೆಳಗೆ ಮುಂಬೈಗೆ ಹೋದ ಗೆಳತಿಯ ಹೆಸರು, ಅದರ ಮುಂದೆ ಕೆಂಪು ಶಾಯಿಯಲ್ಲಿ ‘ಶಾಲೆ ಬಿಟ್ಟಿದೆ’ ಎಂಬ ಷರಾ. ನನ್ನ ಹೆಸರಿನ ಮುಂದೆ ಅಪ್ಪನ ಹೆಸರು ಒಂದು ಬಗೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ. ಒಂದರಲ್ಲಿ ಅಡ್ಡಹೆಸರು ಇದೆ, ಇನ್ನೊಂದರಲ್ಲಿ ಇಲ್ಲ. ‘ಇಬ್ಬರೂ ಒಬ್ಬರೇ’ ಎಂದು ನೋಟರಿ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್ ಕೊಡಬೇಕಾಯಿತು, ಅದಕ್ಕೆ 300 ರೂಪಾಯಿ ಹಿಡಿಯಿತು. ಎರಡು ಕಚೇರಿಗಳ ಪೈಕಿ ಒಂದರಲ್ಲಿ ಮೇಲುಸಹಿಗಾಗಿ ಆರು ಸಲ ಹೋಗಬೇಕಾಯಿತು. ಸಾಹೇಬರು ಸಭೆಗೆ ಹೋಗಿದ್ದಾರೆ, ಮುದ್ರೆ ಇರುವ ಕಪಾಟಿನ ಕೀಲಿ ರಜೆಯಲ್ಲಿರುವವರ ಬಳಿ ಇದೆ, ಕಾಗದ ಕಾಣುತ್ತಿಲ್ಲ, ಇನ್ನೊಂದು ಪ್ರತಿ ತನ್ನಿ. ಐದನೆಯ ಸಲ ಹೊರಗಿನ ಬೇವಿನ ಮರದ ಕಟ್ಟೆಯ ಮೇಲೆ ಕುಳಿತು ಅತ್ತೆ. ಆರನೆಯ ಸಲ ಸಹಿಯಾಯಿತು. ನಿಮ್ಮ ಕಾಗದಗಳನ್ನು ಕೊಡುವಾಗಲೇ ಎರಡು ಪ್ರತಿ ಕೊಟ್ಟು, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಅದಿದ್ದರೆ ‘ಕಾಗದ ಕಾಣುತ್ತಿಲ್ಲ’ ಎಂಬ ಮಾತು ಬರುವುದಿಲ್ಲ.

ಆಗ ಬಸ್ಸಿಗೆ ದುಡ್ಡು ಕೊಡಬೇಕಾಗಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಆ ಭಾರ ಇಳಿದಿದೆ. ನನ್ನ ಲೆಕ್ಕದ ಪುಸ್ತಕದ ಪ್ರಕಾರ ಪ್ರಯಾಣ, ಜೆರಾಕ್ಸ್, ಅಫಿಡವಿಟ್, ಅರ್ಜಿ ಶುಲ್ಕ, ಊಟ ತಿಂಡಿ ಎಲ್ಲ ಸೇರಿ ದಾಖಲೆಗಳ ಹಂತಕ್ಕೇ 7,400 ರೂಪಾಯಿ ಹತ್ತಿರ ಖರ್ಚಾಯಿತು. ಅವ್ವ ಸ್ವಸಹಾಯ ಸಂಘದಲ್ಲಿ ತೆಗೆದ ಸಾಲದಿಂದ ಅದು ಬಂತು.

ಆಗಸ್ಟ್‌ನಲ್ಲಿ ಫಲಿತಾಂಶ, ಆಮೇಲೆ ದಾಖಲೆ ಪರಿಶೀಲನೆ, ನವೆಂಬರ್ 18ಕ್ಕೆ ತಾತ್ಕಾಲಿಕ ಆಯ್ಕೆ ಪಟ್ಟಿ. ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅವ್ವ ಓಣಿಯವರಿಗೆಲ್ಲ ಸಕ್ಕರೆ ಹಂಚಿದಳು. ಸಂಕ್ರಾಂತಿಯ ಹೊತ್ತಿಗೆ ಶಾಲೆಗೆ ಸೇರಿರುತ್ತೇನೆಂದು ಎಲ್ಲರೂ ಅಂದುಕೊಂಡೆವು. ನಡೆದದ್ದು ಬೇರೆ. ಮದುವೆಯಾದ ಹಲವು ಅಭ್ಯರ್ಥಿಗಳು ತಂದೆಯ ಹೆಸರಿನ ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಕೊಟ್ಟಿದ್ದರು. ಗಂಡನ ಹೆಸರಿನದು ಇಲ್ಲವೆಂಬ ಕಾರಣಕ್ಕೆ ಅವರನ್ನು ಮೀಸಲಾತಿಯಿಂದ ತೆಗೆದು ಸಾಮಾನ್ಯ ವರ್ಗಕ್ಕೆ ಸೇರಿಸಲಾಗಿತ್ತು. ಅವರು ಹೈಕೋರ್ಟಿಗೆ ಹೋದರು. 2023ರ ಜನವರಿಯಲ್ಲಿ ನ್ಯಾಯಾಲಯ ಆ ಪಟ್ಟಿಯನ್ನು ರದ್ದುಗೊಳಿಸಿತು. ಪಟ್ಟಿ ಬದಲಾದಾಗ ಹೆಸರು ಕಳೆದುಕೊಂಡವರು ಮೇಲ್ಮನವಿ ಸಲ್ಲಿಸಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ನೇಮಕಾತಿಗೆ ದಾರಿ ಮಾಡಿಕೊಡುವವರೆಗೆ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಕಾದರು.

ನನ್ನ ಬಿ.ಇಡಿ ಗೆಳತಿಯೊಬ್ಬಳು ಈ ವಿವಾದದ ನಡುವೆ ಸಿಲುಕಿದಳು. ಅರ್ಜಿ ಹಾಕುವ ಆರು ತಿಂಗಳ ಹಿಂದಷ್ಟೇ ಅವಳ ಮದುವೆಯಾಗಿತ್ತು. ಅವಳ ಹೆಸರು ಪಟ್ಟಿಯಲ್ಲಿ ಬಾರದಿದ್ದಾಗ ನಾನು ಸಂತೋಷಪಡಬೇಕೋ ದುಃಖಪಡಬೇಕೋ ತಿಳಿಯದೆ ಎರಡು ದಿನ ಅವಳಿಗೆ ಫೋನ್ ಮಾಡಲಿಲ್ಲ. ಅದು ನನ್ನ ತಪ್ಪು. ಹುಟ್ಟಿದಂದಿನಿಂದ ಹಿಂದುಳಿದ ವರ್ಗದ ಮನೆಯಲ್ಲಿ ಬೆಳೆದು, ಆ ಮನೆಯ ಬಡತನದಲ್ಲೇ ಓದಿದ ಹುಡುಗಿಯ ಹಿನ್ನೆಲೆ ತಾಳಿ ಕಟ್ಟಿದ ದಿನವೇ ಬದಲಾಗುತ್ತದೆಯೇ ಎಂದು ಅವಳು ಕೇಳಿದ ಪ್ರಶ್ನೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಮದುವೆಯಾದ ಅಥವಾ ಆಗಲಿರುವ ತಂಗಿಯರು ಮುಂದಿನ ಅಧಿಸೂಚನೆಯಲ್ಲಿ ಈ ಒಂದು ಅಂಶವನ್ನು ನಾಲ್ಕು ಸಲ ಓದಿ, ಸಾಧ್ಯವಾದರೆ ತಂದೆಯ ಮತ್ತು ಗಂಡನ ಎರಡೂ ಕಡೆಯ ಪ್ರಮಾಣ ಪತ್ರಗಳನ್ನು ಕೊನೆಯ ದಿನಾಂಕಕ್ಕೆ ಮೊದಲೇ ಮಾಡಿಸಿಟ್ಟುಕೊಳ್ಳಿ.

ಕಾಯುವ ಆ ಕಾಲದಲ್ಲಿ ನಾನು ನಮ್ಮ ಪಕ್ಕದ ಊರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಕೆಲಸ ಮಾಡಿದೆ. ತಿಂಗಳಿಗೆ 10,000 ರೂಪಾಯಿ ಗೌರವಧನ. ಅದು ಪ್ರತಿ ತಿಂಗಳೂ ಬರುತ್ತಿರಲಿಲ್ಲ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತಿತ್ತು. ಹೀಗಿದ್ದರೂ ಕಾಯುತ್ತಿರುವ ಯಾರಿಗಾದರೂ ನಾನು ಈ ಕೆಲಸಕ್ಕೆ ಸೇರಿ ಎಂದೇ ಹೇಳುತ್ತೇನೆ. ನಾನು ಶಿಕ್ಷಕಿಯಾಗಬಲ್ಲೆನೇ ಎಂಬುದು ನನಗೆ ಖಚಿತವಾದದ್ದು ಅಲ್ಲಿಯೇ. ಅದುವರೆಗೆ ನನ್ನ ಆಸೆಯಲ್ಲಿದ್ದದ್ದು ನನ್ನ ಬಾಲ್ಯ ಮಾತ್ರ. ಎದುರಿಗಿದ್ದ ಮಕ್ಕಳು ಅದರಲ್ಲಿ ಇರಲಿಲ್ಲ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದರಿಂದ ಮೂರು, ನಾಲ್ಕನೆಯ ತರಗತಿಯ ಕಲಿಕೆಯನ್ನೇ ಕಳೆದುಕೊಂಡು ಆರನೆಯದಕ್ಕೆ ಬಂದಿದ್ದ ಮಕ್ಕಳು ಅವರು. ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದನ್ನು ಹನ್ನೆರಡು ವರ್ಷದ ಹುಡುಗನಿಗೆ ಕಡ್ಡಿಗಳ ಕಟ್ಟು ಬಿಚ್ಚಿ ತೋರಿಸುವಾಗ, ನಾಚಿಕೆಯಿಂದ ಅವನು ಕಿಟಕಿಯ ಕಡೆ ನೋಡುತ್ತಿದ್ದ. ಅವನಿಗೆ ತರಗತಿ ಮುಗಿದ ಮೇಲೆ ಬೇರೆಯಾಗಿ ಹೇಳಿಕೊಡಬೇಕು ಎಂದು ನನಗೆ ಹೊಳೆಯಲು ಮೂರು ವಾರ ಬೇಕಾಯಿತು. ಇಂಥದ್ದನ್ನು ಬಿ.ಇಡಿ ಕಲಿಸಲಿಲ್ಲ.

ಅಕ್ಟೋಬರ್‌ನ ತೀರ್ಪು ಬಂದ ಕೆಲವೇ ವಾರಗಳಲ್ಲಿ ಸ್ಥಳ ಆಯ್ಕೆಯ ಕೌನ್ಸೆಲಿಂಗ್‌ಗೆ ಕರೆ ಬಂತು. ಹೊಸದಾಗಿ ನೇಮಕವಾದವರಿಗೆ ಸಿ ವಲಯದ ಶಾಲೆಗಳು, ಅಂದರೆ ತಾಲ್ಲೂಕು ಕೇಂದ್ರದಿಂದ ದೂರದ ಹಳ್ಳಿಗಳ ಶಾಲೆಗಳು ಮಾತ್ರ ಸಿಗುತ್ತವೆ. ಸಿ ವಲಯದೊಳಗೂ ಮೇಲು ಕೀಳು ಇದೆ. ಹೆದ್ದಾರಿಗೆ ಹತ್ತಿರದ್ದು, ರೈಲು ನಿಲ್ಲುವ ಊರಿಗೆ ಹತ್ತಿರದ್ದು, ನಗರದಿಂದ ದಿನಾ ಓಡಾಡಬಹುದಾದದ್ದು ಮೊದಲು ಹೋಗುತ್ತವೆ. ಖಾಲಿ ಶಾಲೆಗಳ ಪಟ್ಟಿ ಹಿಂದಿನ ದಿನ ಸೂಚನಾ ಫಲಕದ ಮೇಲೆ ಬಂದಾಗ ಎಲ್ಲರೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಪರಿಚಯದವರಿಗೆ ಫೋನ್ ಮಾಡಿ ‘ಬಸ್ ಎಷ್ಟಕ್ಕೆ, ಬಾಡಿಗೆ ಮನೆ ಸಿಗುತ್ತದೆಯೇ’ ಎಂದು ವಿಚಾರಿಸುತ್ತಿದ್ದರು. ನಾನೂ ವಿಚಾರಿಸಿದೆ. ಹೆಣ್ಣುಮಗಳೊಬ್ಬಳು ಒಂಟಿಯಾಗಿ ಹೋಗಿ ನಿಲ್ಲುವ ಊರಿನ ಬಗ್ಗೆ ವಿಚಾರಿಸುವುದು ವಿವೇಕ. ಆ ರಾತ್ರಿ ಸಂಬಂಧಿಕರ ಮನೆಯಲ್ಲಿ ಕುಳಿತು ಒಂದು ಹಾಳೆಯಲ್ಲಿ ಮೂರು ಪ್ರಶ್ನೆ ಬರೆದೆ. ಈ ಶಾಲೆಯಲ್ಲಿ ಗಣಿತ ವಿಜ್ಞಾನಕ್ಕೆ ಬೇರೆ ಯಾರಾದರೂ ಇದ್ದಾರೆಯೇ? ಊರಿನಲ್ಲಿ ಅಥವಾ ಅರ್ಧ ಗಂಟೆಯ ದಾರಿಯಲ್ಲಿ ನಾನು ಬಾಡಿಗೆಗೆ ಇರಬಹುದೇ? ಐದು ವರ್ಷ ವರ್ಗಾವಣೆ ಸಿಗದಿದ್ದರೂ ಇರಬಲ್ಲೆನೇ? ಮೂರಕ್ಕೂ ಸರಿ ಹೊಂದಿದ ಎರಡು ಶಾಲೆಗಳ ಹೆಸರನ್ನು ಮಾತ್ರ ಕೈಯಲ್ಲಿಟ್ಟುಕೊಂಡು ಮಲಗಿದೆ.

ಈ ಹಾಳೆ ಬಹಳ ಉಪಯೋಗಕ್ಕೆ ಬಂತು. ಸಭಾಂಗಣದಲ್ಲಿ ದೊಡ್ಡ ಪರದೆಯ ಮೇಲೆ ಶಾಲೆಗಳ ಪಟ್ಟಿ ಇರುತ್ತದೆ. ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತಾರೆ, ಆರಿಸಿದ ಶಾಲೆ ಪಟ್ಟಿಯಿಂದ ಹೋಗುತ್ತದೆ. ಮುಂದೆ ನಿಂತವರಿಗೆ ಒಂದೆರಡು ನಿಮಿಷಕ್ಕಿಂತ ಹೆಚ್ಚಿನ ಸಮಯವಿರುವುದಿಲ್ಲ. ಹಿಂದಿನಿಂದ ನೂರು ಜನರ ಕಣ್ಣು, ಪಕ್ಕದಿಂದ ಅಪ್ಪನದೋ ಅಣ್ಣನದೋ ಸನ್ನೆ. ನನಗಿಂತ ಮುಂದಿದ್ದ ಹುಡುಗನೊಬ್ಬ ತಾನು ಯೋಚಿಸಿದ್ದ ಶಾಲೆ ಕಣ್ಣೆದುರೇ ಹೋದದ್ದರಿಂದ ಗಾಬರಿಯಾಗಿ, ಕಂಡದ್ದನ್ನು ಹೇಳಿ ಬಂದು, ಹೊರಗೆ ಬಾಗಿಲ ಬಳಿ ಕುಸಿದು ಕುಳಿತ. ನನ್ನ ಸರದಿ ಬಂದಾಗ ರಸ್ತೆಗೆ ಹತ್ತಿರದ ನಾಲ್ಕು ಶಾಲೆಗಳು ಇನ್ನೂ ಉಳಿದಿದ್ದವು. ನಾನು ನನ್ನ ಹಾಳೆಯ ಮೊದಲ ಹೆಸರು ಹೇಳಿದೆ. ಕಂಪ್ಯೂಟರ್ ಮುಂದಿದ್ದವರು ತಲೆಯೆತ್ತಿ, ‘ನೋಡಿ ಹೇಳ್ರಿ ಅಮ್ಮ, ಇನ್ನಾ ಹತ್ತಿರದ್ದು ಅದಾವ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ‘ಇದೇ ಇರಲಿ ಸರ್’ ಎಂದೆ. ಧ್ವನಿ ನಡುಗುತ್ತಿತ್ತು, ಆದರೆ ಯೋಚನೆ ಹಿಂದಿನ ರಾತ್ರಿಯೇ ಮುಗಿದಿತ್ತು.

ನೇಮಕಾತಿ ಆದೇಶದ ಜೊತೆ ಇನ್ನಷ್ಟು ಕಾಗದಗಳು ಬೇಕಾಗುತ್ತವೆ: ಜಿಲ್ಲಾ ಆಸ್ಪತ್ರೆಯ ದೇಹದಾರ್ಢ್ಯ ಪ್ರಮಾಣ ಪತ್ರ, ಪೊಲೀಸ್ ಪರಿಶೀಲನೆ, ಮತ್ತು ಜಾತಿ ಹಾಗೂ ಆದಾಯದ ಸಿಂಧುತ್ವ ಪ್ರಮಾಣ ಪತ್ರ, ಅಂದರೆ ಅವು ನಿಜವೆಂದು ಪರಿಶೀಲಿಸಿ ಕೊಡುವ ಪತ್ರ. ಸಿಂಧುತ್ವಕ್ಕೆ ತಂದೆಯ ಶಾಲಾ ದಾಖಲೆ ಕೇಳುತ್ತಾರೆ. ನನ್ನ ಅಪ್ಪ ಎರಡನೆಯ ತರಗತಿಗೇ ಬಿಟ್ಟವರು. ಅವರ ದಾಖಲೆಗಾಗಿ ಮತ್ತೆ ಅದೇ ಕಬ್ಬಿಣದ ಬೀರುವಿನ ಮುಂದೆ ಕುಳಿತೆ, ಈ ಸಲ ಅಪ್ಪನೂ ಬಂದಿದ್ದರು. ತಮ್ಮ ಹೆಸರನ್ನು ಶಾಲೆಯ ಪುಸ್ತಕದಲ್ಲಿ ಕಂಡು ಅವರು ಅದರ ಮೇಲೆ ಬೆರಳಿಟ್ಟು ಸುಮ್ಮನೆ ನಿಂತಿದ್ದರು. ತಂದೆ ಶಾಲೆಗೇ ಹೋಗದಿದ್ದರೆ ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ ಹೀಗೆ ತಂದೆಯ ಕಡೆಯ ರಕ್ತ ಸಂಬಂಧಿಗಳ ದಾಖಲೆ ಮತ್ತು ವಂಶವೃಕ್ಷವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ.

ನವೆಂಬರ್‌ನಲ್ಲಿ, ದೀಪಾವಳಿಗೆ ಮೊದಲು, ಬಿಇಒ ಕಚೇರಿಯಲ್ಲಿ ವರದಿ ಮಾಡಿಕೊಂಡು ಶಾಲೆಗೆ ಹೋದೆ. ತಾಲ್ಲೂಕು ಕೇಂದ್ರದಿಂದ ಬಸ್ಸು, ಅಲ್ಲಿಂದ ಟಂಟಂ, ಕೊನೆಯ ಒಂದೂವರೆ ಕಿಲೋಮೀಟರ್ ನಡಿಗೆ. ಕರ್ತವ್ಯಕ್ಕೆ ಹಾಜರಾದ ಸಮಯ ಪೂರ್ವಾಹ್ನವೋ ಅಪರಾಹ್ನವೋ ಎಂಬುದನ್ನು ಹಾಜರಾತಿ ವರದಿಯಲ್ಲಿ ಸ್ಪಷ್ಟವಾಗಿ ಬರೆಸಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ಅದು ಸೇವಾ ಪುಸ್ತಕದ ಮೊದಲ ಸಾಲಾಗುತ್ತದೆ.

ಆ ದಿನ ಆರು ಮತ್ತು ಏಳನೆಯ ತರಗತಿಯ ಹಾಜರಿ ಪುಸ್ತಕದಲ್ಲಿ 43 ಹೆಸರುಗಳಿದ್ದವು, ಕೋಣೆಯಲ್ಲಿ 19 ಮಕ್ಕಳಿದ್ದರು. ಹಲವು ಹೆಸರುಗಳ ಪಕ್ಕದಲ್ಲಿ ಮುಖ್ಯೋಪಾಧ್ಯಾಯರು ಪೆನ್ಸಿಲಿನಿಂದ ಸಣ್ಣದಾಗಿ ‘ಗು’ ಎಂದು ಬರೆದಿದ್ದರು. ಅದರ ಅರ್ಥ ನನಗೆ ಯಾರೂ ಹೇಳಬೇಕಾಗಿರಲಿಲ್ಲ. 2023 ಬರದ ವರ್ಷ. ತಾಂಡಾದ ಮನೆಗಳಿಗೆ ದಸರೆಗೇ ಬೀಗ ಬಿದ್ದಿತ್ತು, ಜನ ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರು ಎಂದು ಹೊರಟುಹೋಗಿದ್ದರು. ಉಳಿದ ಮಕ್ಕಳಲ್ಲೂ ಅರ್ಧದಷ್ಟು ಜನ ಹತ್ತಿ ಬಿಡಿಸಲು ಹೋಗಿ, ಬಿಡುವಿದ್ದ ದಿನ ಶಾಲೆಗೆ ಬರುತ್ತಿದ್ದರು. ಒಬ್ಬ ಹುಡುಗಿ ನೋಟ್‌ಬುಕ್ ತೋರಿಸಲು ಬಂದಾಗ ಅವಳ ಬೆರಳುಗಳನ್ನು ನೋಡಿದೆ. ಒಣಗಿದ ಹತ್ತಿಕಾಯಿಯ ಮೊನೆ ತಾಗಿ ಉಗುರಿನ ಸುತ್ತ ಸಣ್ಣ ಸಣ್ಣ ಗೀರುಗಳು, ಸ್ವೆಟರಿನ ತೋಳಿಗೆ ಹತ್ತಿಯ ಎಳೆಗಳು ಅಂಟಿದ್ದವು. ಅವಳು ನಿನ್ನೆ ಎಷ್ಟು ಕಿಲೋ ಬಿಡಿಸಿದಳೆಂದು, ಕಿಲೋಗೆ ಎಷ್ಟೆಂದು, ಒಟ್ಟು ಎಷ್ಟಾಯಿತೆಂದು ಬಾಯಲ್ಲೇ ತಪ್ಪಿಲ್ಲದೆ ಹೇಳಿದಳು. ನೋಟ್‌ಬುಕ್ಕಿನಲ್ಲಿ ಅದೇ ಗುಣಾಕಾರ ತಪ್ಪಾಗಿತ್ತು. ಮರುದಿನದಿಂದ ನಾನು ಗುಣಾಕಾರವನ್ನು ಹತ್ತಿಯ ತೂಕದಿಂದ ಆರಂಭಿಸಿದೆ.

ಊರಿನ ಮುತ್ಯಾ ಒಬ್ಬರು ಮೊದಲ ವಾರವೇ ಶಾಲೆಯ ಗೇಟಿನ ಬಳಿ ಬಂದು, ‘ಅಕ್ಕೋರ, ನೀವು ಎಷ್ಟು ದಿನಾ ಇರ್ತೀರಿ?’ ಎಂದು ಕೇಳಿದರು. ನನಗಿಂತ ಮೊದಲು ಬಂದವರು ಬೇಗ ಬೇರೆಡೆಗೆ ಹೋದದ್ದನ್ನು ಕಂಡವರ ಪ್ರಶ್ನೆ ಅದು. ಐದು ವರ್ಷವಂತೂ ಇರುತ್ತೇನೆ ಎಂದೆ. ಹಾಳೆಯಲ್ಲಿ ಬರೆದಿದ್ದ ಉತ್ತರವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆಗ. ಮುಂದಿನ ವಾರ ಅವರೇ ತಮ್ಮ ಮೊಮ್ಮಗನ ಖಾಲಿ ಕೋಣೆಯನ್ನು 1,200 ರೂಪಾಯಿ ಬಾಡಿಗೆಗೆ ಕೊಡಿಸಿದರು.

ಸಂಬಳದ ಬಗ್ಗೆ ಒಂದು ಎಚ್ಚರಿಕೆ. ಮೂಲ ವೇತನ 27,650 ಎಂದು ಆಗ ನನ್ನ ಆದೇಶದಲ್ಲಿ ಇತ್ತು, ಆದರೆ ಸಂಬಳ ಮರುತಿಂಗಳೇ ಬರುವುದಿಲ್ಲ. ಸರ್ಕಾರಿ ವಿಮೆಯ ಕೆಜಿಐಡಿ ಸಂಖ್ಯೆ, ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಪ್ರಾನ್ ಎಂಬ ಖಾತೆ ಸಂಖ್ಯೆ, ಸಂಬಳದ ಬಿಲ್ಲು ಮಾಡುವ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಹೆಸರು ಸೇರಿಸುವುದು, ಅಂಕಪಟ್ಟಿಗಳ ನೈಜತೆಯ ವರದಿ, ಇವುಗಳಲ್ಲಿ ಒಂದು ಹಿಂದೆ ಬಿದ್ದರೂ ಬಿಲ್ಲು ನಿಲ್ಲುತ್ತದೆ. ನನ್ನದು ಒಂದು ಅಂಕಪಟ್ಟಿಯ ನೈಜತೆಯ ವರದಿ ಬಾರದೆ ನಿಂತಿತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಬಾಡಿಗೆ, ಊಟ, ಟಂಟಂ ಎಂದು 22,000 ರೂಪಾಯಿ ಸಾಲವಾಯಿತು. ಸೇರುವ ಮುನ್ನ ನಾಲ್ಕು ತಿಂಗಳ ಖರ್ಚಿನ ದುಡ್ಡನ್ನು ಹೇಗಾದರೂ ಹೊಂದಿಸಿಟ್ಟುಕೊಳ್ಳಿ; ಅದಿಲ್ಲದೆ ಎರಡನೆಯ ತಿಂಗಳಿಗೇ ಮನಸ್ಸು ಕುಗ್ಗಿ ಊರಿಗೆ ಓಡಿದವರನ್ನು ನಾನು ಬಲ್ಲೆ. ಬಾಕಿ ಸಮೇತ ಹಣ ಬಂದ ದಿನ ಅವ್ವನ ಸಂಘದ ಸಾಲ ತೀರಿಸಿದೆ.

ಕಲಿಸುವುದರಲ್ಲಿ ನಾನು ಕಷ್ಟಪಟ್ಟದ್ದು ಭಾಷೆಯಲ್ಲಿ. ತಾಂಡಾದ ಮಕ್ಕಳ ಮನೆಮಾತು ಲಂಬಾಣಿ, ಕೆಲವರದು ತೆಲುಗು. ‘ದ್ರವ್ಯರಾಶಿ’, ‘ಪ್ರಕಾಶ ಸಂಶ್ಲೇಷಣೆ’ ಎಂಬ ಪದಗಳು ಅವರಿಗೆ ನನ್ನ ಎಂಟನೆಯ ತರಗತಿಯ ಎಕ್ಸ್ ಇದ್ದಂತೆ. ಏಳನೆಯ ತರಗತಿಯ ಹುಡುಗಿಯೊಬ್ಬಳಿಂದ ನಾನು ದಿನಕ್ಕೆ ಐದು ಲಂಬಾಣಿ ಪದ ಕಲಿಯುತ್ತಿದ್ದೇನೆ. ನನ್ನ ಉಚ್ಚಾರಣೆಯನ್ನು ಅವಳು ತಿದ್ದುತ್ತಾಳೆ.

ಯುಗಾದಿಗೆ ಕೆಲವು ಕುಟುಂಬಗಳು ಮರಳಿದವು. ‘ಗು’ ಎಂದು ಬರೆದಿದ್ದ ಆರು ಹೆಸರುಗಳ ಪಕ್ಕದ ಪೆನ್ಸಿಲ್ ಗುರುತನ್ನು ಅಳಿಸಿದ್ದೇವೆ. ಉಳಿದ ಮಕ್ಕಳ ಮನೆಗಳ ಪಟ್ಟಿಯನ್ನು ಮುಖ್ಯೋಪಾಧ್ಯಾಯರೂ ನಾನೂ ಹಂಚಿಕೊಂಡಿದ್ದೇವೆ. ಮೇ 7ಕ್ಕೆ ಚುನಾವಣಾ ಕರ್ತವ್ಯವಿದೆ. ಅದು ಮುಗಿದ ಮರುವಾರವೇ, ಶಾಲೆ ಆರಂಭವಾಗುವ ಮೊದಲು, ನನ್ನ ಪಾಲಿನ ಹನ್ನೊಂದು ಮನೆಗಳಿಗೆ ಹೋಗಬೇಕು.